ಎದೆಹಾಲಿನ ಪಂಪು ಮತ್ತು ಅಗಲಿಕೆಯ ಲೆಕ್ಕ

ಎದೆಹಾಲಿನ ಪಂಪು ಎಂದರೆ ತಾಯಿಯ ಮೊಲೆಯಿಂದ ಹಾಲನ್ನು ಹೀರಿ ತೆಗೆದು ಸೀಸೆಯಲ್ಲಿ ಸಂಗ್ರಹಿಸುವ ಸಾಧನ. ಹಿಡಿಕೆಯನ್ನು ಕೈಯಿಂದ ಅದುಮಿ ನಡೆಸುವ ಬಗೆಯೂ ವಿದ್ಯುತ್ತಿನಿಂದ ನಡೆಯುವ ಬಗೆಯೂ ಇಂದು ಕರ್ನಾಟಕದ ನಗರಗಳ ಔಷಧದಂಗಡಿಗಳಲ್ಲಿ ದೊರೆಯುತ್ತವೆ. ಇದನ್ನು ಹೆರಿಗೆಗೆ ಮೊದಲೇ ಕೊಳ್ಳಬೇಕೆ, ಆಮೇಲೆ ಕೊಳ್ಳಬೇಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಬರಿಯ ಖರೀದಿಯ ವಿಷಯವಾಗಿ ಕಂಡರೂ, ಹಾಲು ಹೇಗೆ ಉಂಟಾಗುತ್ತದೆ, ತಾಯಿ ಎಷ್ಟು ದಿನ ಮಗುವಿನ ಹತ್ತಿರ ಇರಬಲ್ಲಳು, ಆಕೆಯ ರಜೆ ಯಾವಾಗ ಮುಗಿಯುತ್ತದೆ ಎಂಬ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡದೆ ಅದಕ್ಕೆ ಉತ್ತರ ಸಿಗುವುದಿಲ್ಲ. ಮುಂದಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಏಳು ತಿಂಗಳು ತುಂಬಿದ, ಬೆಂಗಳೂರಿನ ಕಚೇರಿಯೊಂದರಲ್ಲಿ ದುಡಿಯುವ ಚೊಚ್ಚಲ ಗರ್ಭಿಣಿ, ಮತ್ತು ಹೆರಿಗೆ ವಾರ್ಡಿನಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ದಾದಿ, ಸಂಬಂಧದಲ್ಲಿ ಆಕೆಗೆ ಚಿಕ್ಕಮ್ಮ.

ಗರ್ಭಿಣಿ: ಚಿಕ್ಕಮ್ಮ, ಹೆರಿಗೆಗೆ ಬೇಕಾದ ಸಾಮಾನುಗಳ ಪಟ್ಟಿಯನ್ನು ಅಮೆರಿಕದಲ್ಲಿರುವ ಅಕ್ಕ ಕಳಿಸಿದ್ದಾಳೆ, ಅದರಲ್ಲಿ ತೊಟ್ಟಿಲಿಗಿಂತ ಮೊದಲು ಪಂಪಿನ ಹೆಸರಿದೆ. ಅಮ್ಮನಾದರೋ ಮಗು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ಕೊಳ್ಳಬಾರದು, ಮೊದಲ ಬಟ್ಟೆಯೂ ಹಳೆಯದೇ ಆಗಿರಬೇಕು ಎನ್ನುತ್ತಾಳೆ. ಹೆರಿಗೆಯಾದ ಮೇಲೆ ಅಂಗಡಿ ಸುತ್ತಿ ಆರಿಸಲು ಬಾಣಂತಿಗೆ ಶಕ್ತಿಯೂ ಇರುವುದಿಲ್ಲ, ಬಿಡುವೂ ಇರುವುದಿಲ್ಲ ಎಂದ ಮೇಲೆ ಈಗಲೇ ಕೊಂಡಿಟ್ಟುಕೊಳ್ಳುವುದು ಜಾಣತನವಲ್ಲವೇ?

ದಾದಿ: ಅಕ್ಕನ ಪಟ್ಟಿಯೂ ಅಮ್ಮನ ಮಾತೂ ತಮ್ಮ ತಮ್ಮ ನೆಲದಲ್ಲಿ ಅರ್ಥವಿರುವಂಥವೇ ಮಗಳೇ. ಅಮೆರಿಕದಲ್ಲಿ 1993ರ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾಯ್ದೆ ಕೊಡುವುದು 12 ವಾರಗಳ ಸಂಬಳವಿಲ್ಲದ ರಜೆಯನ್ನು ಮಾತ್ರ, ಅದೂ ಎಲ್ಲ ನೌಕರರಿಗೆ ಅನ್ವಯಿಸುವುದಿಲ್ಲ. ಅಲ್ಲಿ ಎಷ್ಟೋ ತಾಯಂದಿರು ಮಗುವಿಗೆ ಮೂರು ತಿಂಗಳು ತುಂಬುವುದರೊಳಗೆ ಕೆಲಸಕ್ಕೆ ಮರಳಬೇಕಾಗುತ್ತದೆ. 2010ರ ಆರೋಗ್ಯ ಕಾಯ್ದೆಯ ಪ್ರಕಾರ ಬಹುಪಾಲು ವಿಮೆಗಳು ಪಂಪಿನ ವೆಚ್ಚವನ್ನು ಭರಿಸಬೇಕು. ಹೀಗಿರುವಾಗ ಅಲ್ಲಿನ ಕನ್ನಡದ ಹೆಣ್ಣುಮಗಳು ಹೆರಿಗೆಗೆ ಮೊದಲೇ ಪಂಪನ್ನು ತರಿಸಿಕೊಂಡರೆ ಅದು ಅವಳ ಕ್ಯಾಲೆಂಡರಿಗೆ ತಕ್ಕ ನಿರ್ಧಾರ. ಅಮ್ಮನ ಮಾತಿನ ಹಿಂದೆ ಇರುವುದು ಹುಟ್ಟಿದ ಮಕ್ಕಳು ಉಳಿಯುವುದೇ ಕಷ್ಟವಾಗಿದ್ದ ಕಾಲದ ಅಂಜಿಕೆ. ಆದರೆ ಬೆಂಗಳೂರಿನ ಗರ್ಭಿಣಿಗೆ ಈ ಎರಡರಲ್ಲಿ ಯಾವುದೂ ನೇರ ಉತ್ತರವಾಗದು. ಅವಳ ಉತ್ತರ ಅವಳದೇ ದಿನಗಳ ಲೆಕ್ಕದಿಂದ ಹೊರಡಬೇಕು.

ಗರ್ಭಿಣಿ: ಆ ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು?

ದಾದಿ: ಪಂಪು ಯಾತಕ್ಕೆ ಇದೆ ಎಂಬಲ್ಲಿಂದ. ಇಂಥ ಸಾಧನಕ್ಕೆ ಅಮೆರಿಕದಲ್ಲಿ ಆರ್ವೆಲ್ ನೀಡಮ್ ಎಂಬವನು 1854ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದರೂ, ಮೊಲೆಗೆ ನೋವಾಗದಂತೆ ಹಾಲು ತೆಗೆಯಬಲ್ಲ ಯಂತ್ರವನ್ನು ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ರೂಪಿಸಿದ್ದು 1950ರ ದಶಕದಲ್ಲಿ, ಆಸ್ಪತ್ರೆಗಳ ಬಳಕೆಗೆಂದು. ದಿನ ತುಂಬದೆ ಹುಟ್ಟಿ ಮೊಲೆ ಚೀಪಲಾರದ ಕೂಸುಗಳಿಗೆ ತಾಯಿಯ ಹಾಲನ್ನು ಮುಟ್ಟಿಸುವುದೇ ಅಂಥ ಯಂತ್ರದ ಮೊದಲ ಕೆಲಸವಾಗಿತ್ತು. ಕೆಲಸಕ್ಕೆ ಹೋಗುವ ತಾಯಿಯ ಕೈಚೀಲಕ್ಕೆ ಅದು ಬಂದದ್ದು ಬಹಳ ತಡವಾಗಿ. ಮಗುವಿಗೂ ಮೊಲೆಗೂ ನಡುವೆ ಅಗಲಿಕೆ ಉಂಟಾದಾಗ ಆ ಅಂತರವನ್ನು ತುಂಬುವುದೇ ಪಂಪಿನ ಕೆಲಸ ಎಂಬುದು ಎರಡೂ ಕಾಲಕ್ಕೆ ಸಲ್ಲುವ ಮಾತು. ಅಗಲಿಕೆ ಯಾವಾಗ ಬರುತ್ತದೆಂದು ತಿಳಿದರೆ ಕೊಳ್ಳುವ ಕಾಲವೂ ತಿಳಿಯುತ್ತದೆ.

ಗರ್ಭಿಣಿ: ಆದರೆ ಅಗಲಿಕೆ ಇಲ್ಲದಿದ್ದರೂ, ಹಾಲು ಕಡಿಮೆಯಾದರೆ ಪಂಪಿನಿಂದ ಹೆಚ್ಚಿಸಿಕೊಳ್ಳಬಹುದು, ಆದ್ದರಿಂದ ಮೊದಲ ದಿನದಿಂದಲೇ ಹತ್ತಿರ ಇರಲಿ ಎನ್ನುವವರಿದ್ದಾರೆ.

ದಾದಿ: ಅದಕ್ಕೆ ಹಾಲು ಇಳಿಯುವ ಬಗೆಯನ್ನು ತಿಳಿಯಬೇಕು. ಗರ್ಭದ ನಡುಗಾಲದಿಂದಲೇ ಮೊಲೆ ಹಾಲು ಮಾಡಲು ಸಿದ್ಧವಾಗಿರುತ್ತದೆ. ಅದನ್ನು ತಡೆದು ಹಿಡಿದಿರುವುದು ಮಾಸು ಸ್ರವಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಹೆರಿಗೆಯಲ್ಲಿ ಮಾಸು ಹೊರಬಿದ್ದೊಡನೆ ಆ ತಡೆ ಸಡಿಲಗೊಂಡು, ಹಾಲು ಉಂಟುಮಾಡುವ ಪ್ರೊಲ್ಯಾಕ್ಟಿನ್ ತನ್ನ ಕೆಲಸಕ್ಕೆ ತೊಡಗುತ್ತದೆ, ಮತ್ತು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳಲ್ಲಿ ಎದೆ ತುಂಬಿಕೊಳ್ಳುತ್ತದೆ. ಅದಕ್ಕೆ ಮೊದಲು ಬರುವುದು ಹಳದಿ ಬಣ್ಣದ, ಗಟ್ಟಿಯಾದ ಗಿಣ್ಣು ಹಾಲು. ಮೊದಲ ದಿನ ಒಂದು ಸಲಕ್ಕೆ ಮಗು ಕುಡಿಯುವುದು ಕೆಲವೇ ಮಿಲಿಲೀಟರ್, ಅಂದರೆ ಸುಮಾರು ಒಂದು ಚಮಚೆಯಷ್ಟು, ಅದರ ಹೊಟ್ಟೆಗೆ ಅಷ್ಟೇ ಸಾಕು. ರೋಗನಿರೋಧಕ ಅಂಶಗಳಿಂದ ತುಂಬಿರುವ ಆ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ ಮಗುವಿಗೆ ಜೇನು ನೆಕ್ಕಿಸುವ ರೂಢಿ ಇನ್ನೂ ಕೆಲವು ಮನೆಗಳಲ್ಲಿ ಉಳಿದಿರುವುದು ದುಃಖದ ಸಂಗತಿ. ಈ ದಿನಗಳಲ್ಲಿ ಪಂಪು ಇದ್ದರೂ ಪ್ರಯೋಜನ ಕಡಿಮೆ, ಏಕೆಂದರೆ ಆ ಕೆಲವು ಹನಿಗಳು ಸೀಸೆಗೆ ಇಳಿಯುವ ಮೊದಲೇ ಯಂತ್ರದ ಕೊಳವೆಗೆ ಅಂಟಿಕೊಂಡುಬಿಡುತ್ತವೆ.

ಗರ್ಭಿಣಿ: ಎದೆ ತುಂಬಿಕೊಂಡ ಮೇಲೆ?

ದಾದಿ: ಆಮೇಲೆ ಮೊಲೆ ಬರಿದಾದಷ್ಟು ತುಂಬುತ್ತದೆ, ತುಂಬಿ ನಿಂತರೆ ತಯಾರಿ ತಾನೇ ತಗ್ಗುತ್ತದೆ. ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುತ್ತ ತನಗೆ ಎಷ್ಟು ಬೇಕೆಂಬುದನ್ನು ತಾಯಿಯ ಮೈಗೆ ಕಲಿಸುತ್ತಿರುವಾಗ, ನಡುನಡುವೆ ಪಂಪನ್ನೂ ಹಚ್ಚಿದರೆ ಮೈ ಇನ್ನೊಂದು ಮಗುವಿದೆಯೆಂದು ತಿಳಿದು ಬೇಕಾದ್ದಕ್ಕಿಂತ ಹೆಚ್ಚು ಹಾಲನ್ನು ಮಾಡುತ್ತದೆ. ಹಾಲು ಕಟ್ಟಿಕೊಂಡು ಮೊಲೆ ಕಲ್ಲಿನಂತಾಗುವುದು, ಕೆಂಪೇರಿ ಜ್ವರ ಬರುವ ಮೊಲೆಯುರಿ, ಎಲ್ಲವೂ ಇದರಿಂದ ಹೆಚ್ಚುತ್ತವೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಸೀಸೆಯ ಮೇಲಿನ ಅಂಕಿಯನ್ನು ನೋಡಿ ತಾಯಿ ತನ್ನನ್ನು ಅಳೆದುಕೊಳ್ಳುವುದು. ಹಸು ಕರುವಿನ ಬಾಯಿ ತಾಗಿದಾಗ ಸೊರೆ ಬಿಡುತ್ತದೆ ಎಂದು ಹಳ್ಳಿಯವರು ಹೇಳುವ ಕ್ರಿಯೆಯೇ ಹೆಣ್ಣಿನಲ್ಲೂ ನಡೆಯುತ್ತದೆ. ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲಿನ ಗ್ರಂಥಿಗಳನ್ನು ಹಿಂಡಿ ಹಾಲನ್ನು ಮುಂದಕ್ಕೆ ತಳ್ಳುತ್ತದೆ. ಮಗುವಿನ ಬಾಯಿಗೆ, ಅದರ ವಾಸನೆಗೆ, ಅಳುವಿಗೆ ಒಲಿಯುವ ಈ ಹಾರ್ಮೋನು ಪ್ಲಾಸ್ಟಿಕ್ಕಿನ ಆಲಿಕೆಗೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲವಾದ್ದರಿಂದ, ಪಂಪಿನಲ್ಲಿ ಬಂದ ಹಾಲು ಎದೆಯಲ್ಲಿರುವ ಹಾಲಿನ ಅಳತೆಯಲ್ಲ. ಮಗು ಐದನೆಯ ದಿನದ ಮೇಲೆ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ, ಹುಟ್ಟಿದಾಗಿನ ತೂಕವನ್ನು ಸುಮಾರು ಎರಡು ವಾರಗಳಲ್ಲಿ ಮರಳಿ ಪಡೆದರೆ, ಹಾಲು ಸಾಕಾಗುತ್ತಿದೆ ಎಂದೇ ಅರ್ಥ.

ಗರ್ಭಿಣಿ: ಹೆರಿಗೆಗೆ ಮೊದಲೇ ಕೊಂಡು ಒಮ್ಮೆ ಹಚ್ಚಿ ಅಭ್ಯಾಸ ಮಾಡಿಕೊಳ್ಳುವುದೂ ತಪ್ಪೇ?

ದಾದಿ: ಅದನ್ನು ಮಾಡಲೇಬಾರದು. ಸೊರೆ ಬಿಡಿಸುವ ಆಕ್ಸಿಟೋಸಿನ್ನೇ ಗರ್ಭಕೋಶವನ್ನು ಸಂಕುಚಿಸಿ ನೋವು ತರುವ ಹಾರ್ಮೋನೂ ಹೌದು. ದಿನ ತುಂಬುವ ಮೊದಲು ತೊಟ್ಟನ್ನು ಹೀರಿಸಿದರೆ ಹೆರಿಗೆ ನೋವು ಬೇಗನೆ ಆರಂಭವಾಗುವ ಅಪಾಯವಿದೆ. ಸಕ್ಕರೆ ಕಾಯಿಲೆ ಇರುವ ಕೆಲವು ಗರ್ಭಿಣಿಯರಿಗೆ 36 ವಾರಗಳ ಮೇಲೆ ಗಿಣ್ಣು ಹಾಲನ್ನು ಕೈಯಿಂದ ತೆಗೆದಿಡಲು ವೈದ್ಯರು ಹೇಳುವುದುಂಟು, ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ ನಡೆಯುವ ಕೆಲಸ.

ಗರ್ಭಿಣಿ: ಹಾಗಾದರೆ ಯಾರೂ ಹೆರಿಗೆಗೆ ಮೊದಲು ಪಂಪಿನ ಚಿಂತೆ ಮಾಡಬೇಕಾಗಿಲ್ಲ ಎಂದಾಯಿತಲ್ಲ? ಆದರೆ ಅಗಲಿಕೆ ರಜೆ ಮುಗಿಯುವವರೆಗೆ ಕಾಯುತ್ತದೆಂಬ ಭರವಸೆ ಏನಿದೆ ಚಿಕ್ಕಮ್ಮ? ಹುಟ್ಟಿದ ದಿನವೇ ಮಗುವನ್ನು ಗಾಜಿನ ಪೆಟ್ಟಿಗೆಗೆ ಒಯ್ದರೆ?

ದಾದಿ: ಇದು ಸರಿಯಾದ ಪ್ರಶ್ನೆ, ಮತ್ತು ಮೇಲಿನ ಮಾತಿಗೆ ಬೇಕಾದ ತಿದ್ದುಪಡಿಯೂ ಇದೇ. ಅವಳಿ ಮಕ್ಕಳು, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ, ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಕಂಡ ಸೀಳುತುಟಿ ಅಥವಾ ಹೃದಯದ ದೋಷ, ಇಂಥವು ಇದ್ದಲ್ಲಿ ಅಗಲಿಕೆಯನ್ನು ಮುಂಚಿತವಾಗಿಯೇ ಎಣಿಸಬಹುದು. ಅಂಥ ತಾಯಿ ಹೆರಿಗೆಗೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು. ಮಗು ನವಜಾತ ಶಿಶು ನಿಗಾ ಘಟಕದಲ್ಲಿದ್ದರೆ ಹೆರಿಗೆಯಾದ ಆರು ಗಂಟೆಗಳೊಳಗೆ, ಸಾಧ್ಯವಾದರೆ ಮೊದಲ ಗಂಟೆಯಲ್ಲೇ, ಹಾಲು ತೆಗೆಯಲು ತೊಡಗಿ, ರಾತ್ರಿಯೂ ಸೇರಿದಂತೆ ದಿನಕ್ಕೆ ಎಂಟರಿಂದ ಹತ್ತು ಸಲ ತೆಗೆಯುತ್ತಿರಬೇಕು. ಚೀಪುವ ಬಾಯಿ ಇಲ್ಲದಿರುವಾಗ ಮೈಗೆ ಬೇಡಿಕೆಯನ್ನು ತಿಳಿಸುವ ದಾರಿ ಅದೊಂದೇ. ಆದರೆ ಆಗ ಬೇಕಾದದ್ದು ಎರಡೂ ಕಡೆ ಒಟ್ಟಿಗೆ ಎಳೆಯುವ, ಆಸ್ಪತ್ರೆ ಮಟ್ಟದ ಗಟ್ಟಿ ಯಂತ್ರವೇ ಹೊರತು ಅಂಗಡಿಯ ಸಣ್ಣ ಪಂಪಲ್ಲ. ಅದನ್ನು ಕೊಳ್ಳಬೇಕಾಗಿಲ್ಲ, ಕೆಲವು ಆಸ್ಪತ್ರೆಗಳಲ್ಲಿ ಅದಿರುತ್ತದೆ, ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆಗೂ ಸಿಗುತ್ತದೆ. ತಾಯಿಯ ಹಾಲು ತಕ್ಷಣ ಸಾಲದಿದ್ದರೆ ದಾನದ ಹಾಲನ್ನು ಶುದ್ಧೀಕರಿಸಿ ಕೊಡುವ ಬ್ಯಾಂಕುಗಳೂ ಇವೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಆರಂಭಿಸಿದ ಬ್ಯಾಂಕು ಏಷ್ಯಾದಲ್ಲೇ ಮೊದಲನೆಯದು. ಹೆರಿಗೆಗೆ ನೋಂದಾಯಿಸಿದ ಆಸ್ಪತ್ರೆಯಲ್ಲಿ ಪಂಪು ಇದೆಯೇ, ಹಾಲುಣಿಸುವುದನ್ನು ಹೇಳಿಕೊಡುವವರು ಇದ್ದಾರೆಯೇ ಎಂದು ಈಗ ಕೇಳಿಟ್ಟುಕೊಳ್ಳುವುದು ಪಂಪು ಕೊಳ್ಳುವುದಕ್ಕಿಂತ ದೊಡ್ಡ ಸಿದ್ಧತೆ.

ಗರ್ಭಿಣಿ: ಏನನ್ನೂ ಎಣಿಸದೆಯೇ ಅಗಲಿಕೆ ಬಂದೊದಗಿದರೆ?

ದಾದಿ: ಆಗ ಪ್ರತಿಯೊಬ್ಬ ತಾಯಿಯ ಬಳಿಯೂ ಇರುವ ಸಾಧನವೊಂದಿದೆ, ಅವಳ ಕೈ. ಸಾಬೂನಿನಿಂದ ಕೈ ತೊಳೆದು, ಕುದಿಸಿ ಆರಿಸಿದ ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ತೊಟ್ಟಿನಿಂದ ಮೂರು ಸೆಂಟಿಮೀಟರಿನಷ್ಟು ಹಿಂದೆ ಮೇಲೆ ಹೆಬ್ಬೆರಳನ್ನೂ ಕೆಳಗೆ ತೋರುಬೆರಳನ್ನೂ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಮೆಲ್ಲನೆ ಒತ್ತಬೇಕು. ಆಮೇಲೆ ಎರಡೂ ಬೆರಳುಗಳನ್ನು ಒಂದಕ್ಕೊಂದು ಎದುರಾಗಿ ಅದುಮಿ ಸಡಿಲಿಸಬೇಕು. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ಕೆಲವು ನಿಮಿಷ ಏನೂ ಬಾರದು. ಆಮೇಲೆ ತೊಟ್ಟಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಹನಿ ಮೂಡುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು, ಕೊನೆಗೆ ಅವೆರಡೂ ಕೂಡಿಕೊಂಡು ಬಟ್ಟಲಿಗೆ ಇಳಿಯುತ್ತವೆ. ಬೆರಳುಗಳ ಜಾಗವನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಬದಲಿಸುತ್ತ ಹೋದರೆ ಎಲ್ಲ ಭಾಗದ ಹಾಲೂ ಇಳಿಯುತ್ತದೆ. ಆ ಹಾಲನ್ನು ಚಮಚೆಯಿಂದಲೋ, ಅಜ್ಜಿಯರ ಕಾಲದಿಂದ ಬಂದ ಒಳಲೆಯಿಂದಲೋ ಹನಿಹನಿಯಾಗಿ ಕುಡಿಸಬಹುದು. ಒಂದು ಕಾಸೂ ಬೇಡದ ಈ ವಿದ್ಯೆಯನ್ನು ಹೆರಿಗೆ ವಾರ್ಡಿನಿಂದ ಮನೆಗೆ ಹೋಗುವ ಮೊದಲು ಪ್ರತಿ ಬಾಣಂತಿಯೂ ಕಲಿತಿರಬೇಕು.

ಗರ್ಭಿಣಿ: ಇನ್ನು ಕಚೇರಿಯ ಮಾತು. ನಿರೀಕ್ಷಿತ ದಿನ ಜೂನ್ 10. ಈ ಲೆಕ್ಕದಲ್ಲಿ ಪಂಪು ಯಾವಾಗ ಬೇಕಾಗುತ್ತದೆ?

ದಾದಿ: 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ, ಅಂದರೆ 182 ದಿನಗಳ ಸಂಬಳಸಹಿತ ರಜೆಯನ್ನು ಕೊಟ್ಟಿದೆ, ಅದರಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮೊದಲು ಬಳಸಬಹುದು. ಹೆರಿಗೆ ನಿರೀಕ್ಷಿತ ದಿನವೇ ಆಯಿತೆಂದು ಇಟ್ಟುಕೊಳ್ಳೋಣ. ಏಪ್ರಿಲ್ 15ರಿಂದಲೇ ರಜೆ ಹಾಕಿದರೆ ಅದು ಅಕ್ಟೋಬರ್ 13ಕ್ಕೆ ಮುಗಿದು, ಕಚೇರಿಗೆ ಮರಳುವ ದಿನ ಮಗುವಿಗೆ 18 ವಾರ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಪಾಲಿಸಲು ಇನ್ನೂ ಎಂಟು ವಾರ ಪಂಪನ್ನು ನೆಚ್ಚಬೇಕು. ಆರೋಗ್ಯ ಸರಿಯಿದ್ದು ವೈದ್ಯರೂ ಒಪ್ಪಿ ಮೇ 27ರವರೆಗೆ ಕೆಲಸ ಸಾಗಿಸಿ ಆ ದಿನದಿಂದ ರಜೆ ಪಡೆದರೆ, ನವೆಂಬರ್ 25ಕ್ಕೆ ಮರಳುವಾಗ ಮಗುವಿಗೆ 24 ವಾರ. ರಾಗಿ ಸರಿ ಆರಂಭಿಸುವ ದಿನಕ್ಕೆ ಉಳಿಯುವುದು ಸುಮಾರು ಎರಡೇ ವಾರ. ಎಂಟನೆಯ ತಿಂಗಳಲ್ಲಿ ಬರೆದುಕೊಟ್ಟ ರಜೆಯ ಅರ್ಜಿಯೇ ಪಂಪಿನ ದಿನಾಂಕವನ್ನೂ ಬರೆದುಬಿಡುತ್ತದೆ.

ಗರ್ಭಿಣಿ: ಮರಳುವ ದಿನಕ್ಕೆ ಎಷ್ಟು ಮುಂಚೆ ಕೊಂಡರೆ ಸಾಕು?

ದಾದಿ: ನಾಲ್ಕು ವಾರ ಸಾಕು. ಅಷ್ಟರೊಳಗೆ ಯಂತ್ರಕ್ಕೆ ಮೈ ಒಗ್ಗುತ್ತದೆ, ಮಗುವೂ ಬಟ್ಟಲು ಅಥವಾ ಒಳಲೆಯಿಂದ ಕುಡಿಯುವುದನ್ನು ಬೇರೆಯವರ ಮಡಿಲಲ್ಲಿ ಕಲಿಯುತ್ತದೆ. ಫ್ರೀಜರ್ ತುಂಬ ಹಾಲು ಶೇಖರಿಸಬೇಕೆಂಬ ಭಯ ಅನಗತ್ಯ. ಒಂದರಿಂದ ಆರು ತಿಂಗಳವರೆಗಿನ ಮಗು ದಿನಕ್ಕೆ ಸರಾಸರಿ 750 ಮಿಲಿಲೀಟರ್ ಆಸುಪಾಸಿನಲ್ಲಿ ಎದೆಹಾಲು ಕುಡಿಯುವುದರಿಂದ, ತಾಯಿ ಹತ್ತು ಗಂಟೆ ಹೊರಗಿದ್ದರೆ 300 ಮಿಲಿಲೀಟರಿನಷ್ಟು ಬೇಕಾಗುತ್ತದೆ. ಮೊದಲ ದಿನದ ಪಾಲು, ಒಂದು ದಿನದ ಮೀಸಲು, ಇಷ್ಟು ಕೂಡಿದರೆ ಆಯಿತು; ಆಮೇಲೆ ಇಂದು ಕಚೇರಿಯಲ್ಲಿ ತೆಗೆದದ್ದು ನಾಳೆಯ ಪಾಲಾಗುತ್ತದೆ.

ಗರ್ಭಿಣಿ: ಆದರೂ ಈಗಲೇ ಕೊಂಡರೆ ನಷ್ಟವೇನು? ಡಬ್ಬಿಯೊಳಗೆ ಭದ್ರವಾಗಿ ಇರುತ್ತದಲ್ಲ.

ದಾದಿ: ಮೂರು ನಷ್ಟಗಳಿವೆ. ಪಂಪಿನಲ್ಲಿ ತೊಟ್ಟಿನ ಮೇಲೆ ಕೂರುವ ಆಲಿಕೆಯಾಕಾರದ ಭಾಗ 21, 24, 27 ಮಿಲಿಮೀಟರ್ ಎಂಬಂತೆ ಬೇರೆಬೇರೆ ಅಳತೆಗಳಲ್ಲಿ ಬರುತ್ತದೆ. ಅಳತೆ ತಪ್ಪಿದರೆ ತೊಟ್ಟು ಉಜ್ಜಿ ಗಾಯವಾಗುತ್ತದೆ, ಹಾಲೂ ಸರಿಯಾಗಿ ಇಳಿಯುವುದಿಲ್ಲ. ಬಸುರಿನಲ್ಲೂ ಹಾಲೂಡುವ ಮೊದಲ ವಾರಗಳಲ್ಲೂ ತೊಟ್ಟಿನ ಗಾತ್ರ ಬದಲಾಗುವುದರಿಂದ ಈಗ ಅಳೆದದ್ದು ಆಗ ಹೊಂದುವುದೆಂಬ ಖಾತರಿ ಇಲ್ಲ. ಎರಡನೆಯದು, ವಾರಂಟಿಯ ಅವಧಿ ಸಾಮಾನ್ಯವಾಗಿ ಕೊಂಡ ದಿನದಿಂದಲೇ ಓಡತೊಡಗುತ್ತದೆ. ಹೆರಿಗೆಗೆ ಎಂಟು ವಾರ ಮೊದಲು ಕೊಂಡು ಹೆರಿಗೆಯಾದ ಇಪ್ಪತ್ತು ವಾರಗಳ ಮೇಲೆ ಹೊರತೆಗೆದರೆ ಒಂದು ವರ್ಷದ 52 ವಾರಗಳಲ್ಲಿ 28 ವಾರ ಡಬ್ಬಿಯಲ್ಲೇ ಕಳೆದಿರುತ್ತದೆ, ಮತ್ತು ಬಿಚ್ಚಿದ ಪಂಪನ್ನು ಶುಚಿತ್ವದ ಕಾರಣಕ್ಕೆ ಅಂಗಡಿಯವರು ಹಿಂದಕ್ಕೆ ಪಡೆಯುವುದಿಲ್ಲ. ಮೂರನೆಯದು, ಅಗತ್ಯದ ಸ್ವರೂಪ ಈಗ ತಿಳಿದಿಲ್ಲ: ವಾರಕ್ಕೊಮ್ಮೆ ಎರಡು ಗಂಟೆ ಹೊರಗೆ ಹೋಗುವವಳಿಗೆ ಕೆಲವು ನೂರು ರೂಪಾಯಿಗಳ ಕೈಪಂಪು ಸಾಕು, ದಿನಕ್ಕೆ ಮೂರು ಸಲ ಕಚೇರಿಯಲ್ಲಿ ತೆಗೆಯುವವಳಿಗೆ ಕೆಲವು ಸಾವಿರದ ವಿದ್ಯುತ್ ಪಂಪು ಬೇಕು, ಮನೆಯಿಂದಲೇ ಕೆಲಸ ಮಾಡುವ ಏರ್ಪಾಡಾದವಳಿಗೆ ಯಾವುದೂ ಬೇಡವಾಗಬಹುದು. ಒಬ್ಬರ ಬಳಕೆಗೆಂದೇ ಮಾಡಿದ ಪಂಪಿನ ಒಳಗೆ ಹಾಲಿನ ಅಂಶ ಸೇರಿಕೊಳ್ಳಬಹುದಾದ್ದರಿಂದ ಗೆಳತಿಯ ಹಳೆಯ ಪಂಪನ್ನು ತಂದು ಬಳಸುವುದೂ ಸರಿಯಲ್ಲ.

ಗರ್ಭಿಣಿ: ತೆಗೆದ ಹಾಲು ಎಷ್ಟು ಹೊತ್ತು ಕೆಡದೆ ಇರುತ್ತದೆ? ಬಾಣಂತನ ನಡೆಯುವ ತವರುಮನೆ ರಾಯಚೂರಿನಲ್ಲಿ.

ದಾದಿ: 25 ಡಿಗ್ರಿ ಸೆಲ್ಸಿಯಸ್ ವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು ಎಂಬುದು ಸಾಮಾನ್ಯ ನಿಯಮ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಮೊದಲನೆಯ ಮಾತು ಸಲ್ಲುವುದಿಲ್ಲ. ಅಲ್ಲಿ ತೆಗೆದ ಹಾಲು ಕೂಡಲೇ ಮಗುವಿನ ಹೊಟ್ಟೆಗೋ ಫ್ರಿಜ್ಜಿಗೋ ಸೇರಬೇಕು, ಕರೆಂಟು ಹೋಗುವ ಹೊತ್ತನ್ನೂ ಗಮನದಲ್ಲಿಡಬೇಕು. ತಣ್ಣಗಿನ ಹಾಲನ್ನು ಒಲೆಯ ಮೇಲೆ ಕಾಯಿಸದೆ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು. ಹೀಗಾಗಿ ಯಂತ್ರದ ಆಯ್ಕೆಯ ಜೊತೆಗೆ ಹಾಲನ್ನು ತಂಪಾಗಿ ಇಡುವ, ಹೊತ್ತು ತರುವ, ಪಾತ್ರೆಗಳನ್ನು ಕುದಿಸುವ ಏರ್ಪಾಡೂ ಆಗಿದ್ದರೆ ಮಾತ್ರ ಪಂಪಿಗೆ ಬೆಲೆ.

ಗರ್ಭಿಣಿ: ಕಚೇರಿಯಲ್ಲಿ ಅದಕ್ಕೆ ಜಾಗವೆಲ್ಲಿದೆ? ಹಿಂದೊಬ್ಬ ಸಹೋದ್ಯೋಗಿ ಶೌಚಾಲಯದಲ್ಲಿ ನಿಂತು ಹಾಲು ತೆಗೆದು ಚೆಲ್ಲುತ್ತಿದ್ದಳು.

ದಾದಿ: ಅದು ಯಾವ ತಾಯಿಗೂ ಬರಬಾರದ ಸ್ಥಿತಿ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲೂಡುವ ವಿರಾಮಗಳಿಗೆ ಕಾನೂನಿನಲ್ಲಿ ಹಕ್ಕಿದೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ಶಿಶುಪಾಲನಾ ಕೇಂದ್ರ ಹತ್ತಿರದಲ್ಲಿದ್ದರೆ ಪಂಪಿನ ಅಗತ್ಯವೇ ಅರ್ಧ ತಗ್ಗುತ್ತದೆ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಒಂದು ಕುರ್ಚಿ, ಕೈ ತೊಳೆಯಲು ನೀರು, ಒಂದು ಫ್ರಿಜ್ಜು, ಇವನ್ನು ರಜೆಗೆ ಹೋಗುವ ಮೊದಲೇ ಬರಹದಲ್ಲಿ ಕೇಳಿಡಬೇಕು. ಮರಳಿ ಬಂದ ದಿನ, ಎದೆ ಭಾರವಾಗಿ ರವಿಕೆ ಒದ್ದೆಯಾಗುತ್ತಿರುವಾಗ, ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಗರ್ಭಿಣಿ: ಕಚೇರಿಯೇ ಇಲ್ಲದ ತಾಯಂದಿರೂ ಇದ್ದಾರಲ್ಲ, ಮನೆಗೆಲಸದವರು, ಹೊಲಗೆಲಸದವರು?

ದಾದಿ: ಅಗಲಿಕೆ ಎಲ್ಲರಿಗಿಂತ ಬೇಗ ಬರುವುದು ಅವರಿಗೇ, ರಜೆಯ ಹಕ್ಕು ಕೈಗೆ ಸಿಗದಿರುವುದೂ ಅವರಿಗೇ. ಅವರಿಗೆ ಪಂಪಿಗಿಂತ ಮೊದಲು ಬೇಕಾದದ್ದು ಕೈಯಿಂದ ಹಾಲು ತೆಗೆಯುವ ವಿದ್ಯೆ, ಮಗುವನ್ನು ಜೊತೆಗೆ ತರಲು ಒಪ್ಪುವ ಯಜಮಾನರು, ಹತ್ತಿರದಲ್ಲೊಂದು ಶಿಶುಪಾಲನಾ ಕೇಂದ್ರ. ಹಾಲಿನ ಸೀಸೆಯ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ. ಪಂಪು ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರದಿರುವುದರಿಂದ ಅದರ ಜಾಹೀರಾತು ಪ್ರತಿ ಗರ್ಭಿಣಿಯ ಫೋನಿಗೂ ತಲುಪುತ್ತದೆ, ಕೈಯ ವಿದ್ಯೆಗಾದರೋ ಜಾಹೀರಾತು ಕೊಡುವವರಿಲ್ಲ. ಅದನ್ನು ಹೆಣ್ಣಿನಿಂದ ಹೆಣ್ಣಿಗೆ ಹೇಳಿಕೊಡುವುದೊಂದೇ ದಾರಿ.

ಗರ್ಭಿಣಿ: ಹಾಗಾದರೆ ಈಗ ಮಾಡಬೇಕಾದದ್ದು ಕೊಳ್ಳುವುದಲ್ಲ, ನಿರ್ಧರಿಸಿಡುವುದು. ಆಸ್ಪತ್ರೆಯಲ್ಲಿ ಪಂಪಿದೆಯೇ ಎಂದು ಕೇಳಿಡಬೇಕು. ಬಾಡಿಗೆಯ ಅಂಗಡಿಯ ನಂಬರನ್ನು ಮಗುವಿನ ಅಪ್ಪನ ಫೋನಿನಲ್ಲಿ ಬರೆದಿಡಬೇಕು, ಹಣವನ್ನು ಬೇರೆ ತೆಗೆದಿಡಬೇಕು, ಏಕೆಂದರೆ ಬಾಣಂತಿ ಅಂಗಡಿ ಸುತ್ತಬೇಕಾಗಿಲ್ಲ, ಅವನು ಸುತ್ತಬಲ್ಲ. ಮೇ 27ರಿಂದ ರಜೆಯಾದರೆ ಕೊಳ್ಳುವ ದಿನ ಅಕ್ಟೋಬರ್ 28.

ದಾದಿ: ಅಷ್ಟೇ ಮಗಳೇ. ಅಕ್ಟೋಬರ್ 28ಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿದರೆ ಸಾಕು, ಅಮ್ಮನ ಮಾತೂ ಉಳಿಯುತ್ತದೆ. ಜೂನ್ 10ರ ಸುತ್ತಿನ ದಿನಗಳಲ್ಲಿ ಯಾವ ಗುರುತೂ ಬೇಡ. ಆ ದಿನಗಳಲ್ಲಿ ಮಗು ಎದೆಯ ಮೇಲೆಯೇ ಇರಲಿ.